ಬಾಗಿಲಲ್ಲಿ ನಿಂತ ಸೇವೆ

ಊರಿಗೆ ರೋಗ ಹೊಕ್ಕಾಗ ಅನಾಥಾಲಯಕ್ಕೆ ಸೇವೆಗೆಂದು ಹೋಗುವುದು ಧರ್ಮವೋ, ಹೋಗದಿರುವುದು ಧರ್ಮವೋ? ೨೦೨೦ರ ಕೊರೋನಾ ಕಾಲದಲ್ಲಿ ಈ ಪ್ರಶ್ನೆ ಅನೇಕ ಸಜ್ಜನರನ್ನು ಕಾಡಿತು. ಲಕ್ಷಣವೇ ತೋರದವನೂ ಆ ರೋಗವನ್ನು ಹೊತ್ತು ತರಬಲ್ಲನು. ಬುದ್ಧಿ ಬೆಳೆಯದ ಮಕ್ಕಳಿರುವಲ್ಲಿ, ಅದರಲ್ಲಿಯೂ ಡೌನ್ ಸಿಂಡ್ರೋಮ್ ಉಳ್ಳವರಿರುವಲ್ಲಿ, ಅದು ಉಲ್ಬಣಿಸುವ ಭಯ ಹೆಚ್ಚು. ಮುಖಗವಸನ್ನು ಕಿತ್ತೆಸೆದು ಉಣಿಸುವವರ ಕೊರಳನ್ನು ತಬ್ಬುವ ಕೂಸಿಗೆ ದೂರ ನಿಲ್ಲೆಂದು ಹೇಳಿ ಫಲವೇನು? ದೂರದಿಂದ ಅದಕ್ಕೆ ಉಣಿಸಲು ಬಾರದು, ಮೈ ತೊಳೆಯಲೂ ಬಾರದು.

ಆದಕಾರಣ ವಾರಕ್ಕೊಮ್ಮೆ ಹಣ್ಣು ತಂದು, ಮಕ್ಕಳ ತಲೆ ನೇವರಿಸಿ, ತೃಪ್ತನಾಗಿ ಮರಳುವವನ ಪ್ರೀತಿ ಸುಳ್ಳಲ್ಲವಾದರೂ ಅಂಥ ಕಾಲಕ್ಕೆ ಸಲ್ಲದು. ಹಣ್ಣನ್ನು ಬಾಗಿಲಲ್ಲಿರಿಸಿ ಹಿಂದಿರುಗುವುದೇ ಅವನಿಗೆ ಲೇಸು. ದಾಸೋಹದಲ್ಲಿ ನೀಡುವವನ ತೃಪ್ತಿ ಲೆಕ್ಕಕ್ಕಿಲ್ಲವೆಂದು ಬಾಯಲ್ಲಿ ಹೇಳುವುದು ಸುಲಭ; ಹಾಗೆ ಹಿಂದಿರುಗುವಾಗ ಅದರ ಭಾರ ತಿಳಿಯುತ್ತದೆ.

ಒಳಹೊಕ್ಕವನಾದರೋ ಒಳಗೇ ನಿಲ್ಲಬೇಕು. ಮೊದಲು ಕೆಲವು ದಿನ ಪ್ರತ್ಯೇಕವಿದ್ದು, ಬಳಿಕ ಮನೆಯ ಹೋಗುಬರುವಿಕೆಯನ್ನು ತೊರೆದು ಮಕ್ಕಳೊಡನೆಯೇ ಉಂಡು ಮಲಗಬೇಕು. ಮನೆಯಲ್ಲಿ ವೃದ್ಧ ತಾಯಿಯಿರುವ ಗೃಹಸ್ಥನಿಗೆ ಇದು ಸಾಧ್ಯವಾಗದಿರಬಹುದು. ಅದು ಅವನ ದೋಷವಲ್ಲ.

ಆದರೆ ಅವನು ತನ್ನ ಒಳಿತಿಗಾಗಿಯೇ ಬಾರದಿದ್ದಾನೆಂದು ತಿಳಿಯಲಾರದ ಮಗು ವಾರವಾರವೂ ಬಾಗಿಲನ್ನೇ ನೋಡುತ್ತ ಕುಳಿತಿರುತ್ತದೆ.