ಸೊಸೆಗೊಂದು ಬಾಣಂತನ

ತಿಥಿ ಊಟದ ದಿನ ನಮ್ಮ ಕಡೆ ಹೊಗಳಿಕೆಗೆ ಬರವಿಲ್ಲ. ಎಲೆ ಮುಂದೆ ಕೂತವರೆಲ್ಲ ಸೊಸೆಯನ್ನು ಕೊಂಡಾಡುತ್ತಾರೆ: "ಪುಣ್ಯಾತ್ಗಿತ್ತಿ ಕಣಪ್ಪ, ಹೆತ್ತ ಮಗ್ಳೂ ಹಿಂಗ್ ನೋಡ್ಕತಿರ್ನಿಲ್ಲ." ಅರಳು ಮರಳಾದ ಅತ್ತೆಯ ಉಚ್ಚೆ ಬಟ್ಟೆಯನ್ನು ವರ್ಷಗಟ್ಟಲೆ ಒಗೆದ ಆ ಪುಣ್ಯಾತ್ಗಿತ್ತಿ ಅದೇ ಹೊತ್ತಿಗೆ ಒಳಗೆ ಅನ್ನ ಬಸಿಯುತ್ತಿರುತ್ತಾಳೆ. ಆ ವರ್ಷಗಳಲ್ಲಿ ಇವರಲ್ಲೊಬ್ಬರು, "ನೀನು ತವರಿಗೆ ಹೋಗಿ ಎರಡು ದಿನ ಇದ್ದು ಬಾ, ಅವ್ವನ ಹತ್ರ ನಾವು ಇರ್ತೀವಿ" ಅಂದದ್ದುಂಟೇ? ಸಾಮಾನ್ಯವಾಗಿ ಇಲ್ಲ. ಅನ್ನದಿದ್ದವರು ಕೆಟ್ಟವರೂ ಅಲ್ಲ. ನೋಡಿಕೊಳ್ಳುವುದು ಆ ಮನೆಯ ಋಣ, ಹೊಗಳುವುದಷ್ಟೇ ತಮ್ಮ ಪಾಲು ಎಂದು ಅವರು ಮನಸಾರೆ ನಂಬಿದ್ದಾರೆ. ನನ್ನ ತಕರಾರು ಆ ನಂಬಿಕೆಯ ಮೇಲೆ.

ಕೆ.ಆರ್.ಪೇಟೆ ತಾಲ್ಲೂಕಿನ ಮಾಕವಳ್ಳಿಯ ಸುತ್ತಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಊರಿನಲ್ಲೇ ಕೋರಮಂಡಲ್ ಸಕ್ಕರೆ ಕಾರ್ಖಾನೆ. ಅರೆಯುವ ಕಾಲ ಬಂತೆಂದರೆ ಗಂಡಸರಿಗೆ ಕಟಾವು, ಲೋಡು, ಕಾರ್ಖಾನೆ ಮುಂದಿನ ಟ್ರ್ಯಾಕ್ಟರ್ ಸಾಲು. ಮನೆಯಲ್ಲಿ ಉಳಿಯುವವರು ಇಬ್ಬರೇ ಹೆಂಗಸರು. ನಡುರಾತ್ರಿ ಅತ್ತೆ ಏಳುತ್ತಾಳೆ; ಎಂದೋ ಮಾರಿದ ಹಸುವಿಗೆ ಹುಲ್ಲು ಹಾಕಬೇಕು. ಅಗುಳಿ ಸರಿದ ಸದ್ದಿಗೇ ಸೊಸೆಗೆ ಎಚ್ಚರ. "ನಮ್ಮಟ್ಟೀಗೆ ಹೋಯ್ತೀನಿ, ಬುಡವ್ವ" ಎಂದು ಮುದುಕಿ ತನ್ನದೇ ನಡುಮನೆಯಲ್ಲಿ ನಿಂತು ಅಳುತ್ತಾಳೆ. 2016ರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾದಲ್ಲಿ ಅನಂತನಾಗ್ ಪಾತ್ರ ಬೆಂಗಳೂರಿನ ಜನಜಂಗುಳಿಯಲ್ಲಿ ಕಳೆದುಹೋಗುತ್ತದೆ. ಪೇಟೆಯಲ್ಲಿ ನೋಡಿದವರಾದರೂ ಇರುತ್ತಾರೆ. ಬೆಳೆದು ನಿಂತ ಕಬ್ಬಿನೊಳಕ್ಕೆ ನಾಲ್ಕು ಹೆಜ್ಜೆ ಇಟ್ಟವರು ಯಾರ ಕಣ್ಣಿಗೂ ಬೀಳುವುದಿಲ್ಲ. ಕೂಗಿದರೆ ಓಗೊಡಬೇಕೆಂಬುದೂ ಅವರಿಗೆ ತೋಚದು. ಹಾಗಾಗಿ ಸೊಸೆ ಸೆರಗಿನ ತುದಿಯನ್ನು ಅತ್ತೆಯ ಕೈಗೆ ಸುತ್ತಿಕೊಂಡು ಮಲಗುತ್ತಾಳೆ.

ಹಗಲಿನ ಗೋಳು ಬೇರೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆ, ಆದ್ದರಿಂದ ಗೃಹಲಕ್ಷ್ಮಿಯ 2,000 ರೂಪಾಯಿ ಅತ್ತೆಯ ಖಾತೆಗೆ. "ನನ್ ದುಡ್ಡ ಎಲ್ಲಿ ಮಡಗಿದ್ದಿಯೇ?" ಎಂಬ ಪ್ರಶ್ನೆ ಬೆಳಗ್ಗೆ, ಮಧ್ಯಾಹ್ನ, ನೆಂಟರು ಬಂದಾಗ ಇನ್ನೂ ಜೋರಾಗಿ. ಕಳ್ಳತನದ ಆರೋಪ ಈ ಕಾಯಿಲೆಯಲ್ಲಿ ಮತ್ತೆ ಮತ್ತೆ ಕಾಣುವ ಲಕ್ಷಣ ಎಂದು ಸೊಸೆಗೆ ಯಾರೂ ಹೇಳಿಲ್ಲ. ನೆಂಟರಿಗೂ ಹೇಳಿಲ್ಲ, ಅವರು ಅರ್ಧ ನಂಬಿಯೇ ಬಸ್ಸು ಹತ್ತುತ್ತಾರೆ.

ಇಂಥ ಮನೆ ಅಪರೂಪದ್ದೇನಲ್ಲ. 60 ದಾಟಿದ ಭಾರತೀಯರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಈ ಮರೆವಿನ ಕಾಯಿಲೆ, ಅಂದರೆ ಡಿಮೆನ್ಶಿಯಾ, ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜು ಮಾಡಿತು. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು. 'ಅರವತ್ತಕ್ಕೆ ಅರಳು ಮರಳು' ಎಂಬ ಗಾದೆ ಕಾಯಿಲೆಯವರನ್ನು ಹುಚ್ಚರೆಂದು ಹೊರಗಟ್ಟದೆ ಉಳಿಸಿತು, ನಿಜ. ಆದರೆ ವಯಸ್ಸಿನ ಗುಣ ಅದು ಎಂದು ಡಾಕ್ಟರ ಬಳಿಗೂ ಹೋಗದಂತೆ ಮಾಡಿತು. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದ ಬಂದ ಮರೆವು ಔಷಧಿಗೆ ಬಗ್ಗುತ್ತದೆ. ಅದನ್ನೂ ನಾವು ಗಾದೆಯ ಲೆಕ್ಕಕ್ಕೆ ಹಾಕಿ ಕೈಬಿಡುತ್ತೇವೆ.

ಈಗ ಋಣದ ಮಾತು. ಹೆತ್ತು ಹೊತ್ತವರ ಋಣ ತೀರಿಸಬೇಕು ಎನ್ನುವುದರಲ್ಲಿ ತಪ್ಪು ಹುಡುಕಲು ನಾನು ಹೊರಟಿಲ್ಲ. ಆದರೆ ಸಾಲಗಾರ ಯಾರು? ಮಗ. ತೀರಿಸುತ್ತಿರುವವಳು? ಆ ತಾಯಿಯ ಎದೆಹಾಲು ಕುಡಿಯದ, ಬೇರೆ ಊರಿನಿಂದ ಬಂದ ಹೆಣ್ಣು. ಕಾನೂನೂ ಇದೇ ಗೊಂದಲದಲ್ಲಿದೆ. ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆಯ 2007ರ ಕಾಯ್ದೆ 'ಮಕ್ಕಳು' ಎಂದು ಎಣಿಸುವುದು ಮಗ, ಮಗಳು, ಮೊಮ್ಮಗ, ಮೊಮ್ಮಗಳನ್ನು. ಸೊಸೆಯ ಹೆಸರಿಲ್ಲ. ಹಿರಿಯರನ್ನು ನಡುಬೀದಿಯಲ್ಲಿ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಜೈಲು ವಿಧಿಸಬಹುದಾದ ಆ ಕಾಯ್ದೆ, ಬಿಡದೆ ಜೊತೆಗೆ ಕೂತವಳಿಗೆ ಏನು ಬೇಕೆಂದು ಕೇಳುವುದಿಲ್ಲ. ಜೀವನಾಂಶ ಎಂಬ ದುಡ್ಡಿನ ಲೆಕ್ಕ ಅದಕ್ಕೆ ಗೊತ್ತು. ನಡುರಾತ್ರಿಯ ಅಗುಳಿ ಸದ್ದು ಗೊತ್ತಿಲ್ಲ.

ಇದಕ್ಕಿಂತ ಆಳದ ತೊಡಕು ಇನ್ನೊಂದಿದೆ. ಸಾಲ ಎನ್ನಬೇಕಾದರೆ ಕೊಟ್ಟವರಿಗೂ ಪಡೆದವರಿಗೂ ನೆನಪಿರಬೇಕು. ಇಲ್ಲಿ ಕೊಟ್ಟವಳೇ ಮರೆತಿದ್ದಾಳೆ. ಈಗತಾನೇ ಉಣ್ಣಿಸಿದ ಮುದ್ದೆಯೂ ಅವಳಿಗೆ ಜಮೆಯಾಗುವುದಿಲ್ಲ. ಗಳಿಗೆ ಬಿಟ್ಟು "ಉಪಾಸ ಕೆಡವಿದ್ದೀಯೆ" ಎಂದು ಬೈಯುತ್ತಾಳೆ. ತೀರುವಳಿಯೇ ಇಲ್ಲದ ಸಾಲ ಇದು. ಆದರೂ ಸೊಸೆ ಮತ್ತೆ ತಟ್ಟೆ ಹಿಡಿದು ಕೂರುತ್ತಾಳಲ್ಲ, ಆಗ ಅವಳನ್ನು ಕೂರಿಸುವುದು ಋಣವಲ್ಲ. ಎದುರಿಗಿರುವ ಜೀವ ಹಸಿದಿದೆ, ಹೆದರಿದೆ ಎಂಬುದಷ್ಟೇ. ಹಸಿವು, ಹೆದರಿಕೆ ಯಾರ ಮುಂದೆ ಬಂದು ನಿಂತರೂ ಉತ್ತರ ಕೇಳುತ್ತವೆ. ರಕ್ತಸಂಬಂಧ ವಿಚಾರಿಸಿಕೊಂಡು ಬರುವುದಿಲ್ಲ. ಹಾಗಿದ್ದ ಮೇಲೆ 'ಅದು ಅವರ ಮನೆ ಋಣ' ಎಂದು ಪಕ್ಕದ ಮನೆಯವರಾಗಲಿ, ಪಂಚಾಯಿತಿಯಾಗಲಿ ನುಣುಚಿಕೊಳ್ಳಲು ದಾರಿಯಿಲ್ಲ.

ಒಪ್ಪೋಣ, ಆದರೆ ಊರಿನವರೆಲ್ಲ ಹೋಗಿ ಮುದುಕಿಗೆ ಉಣ್ಣಿಸಲು ಆಗುತ್ತದೆಯೇ ಎಂದು ಕೇಳಬಹುದು. ಆಗುವುದಿಲ್ಲ, ಬೇಕಾಗಿಯೂ ಇಲ್ಲ. ಅಮೆರಿಕದ ತತ್ವಚಿಂತಕಿ ಈವಾ ಕಿಟ್ಟೆ, ಸ್ವತಃ ತೀವ್ರ ಬೌದ್ಧಿಕ ಅಸಾಮರ್ಥ್ಯವುಳ್ಳ ಮಗಳ ತಾಯಿ, 1999ರ 'ಲವ್ಸ್ ಲೇಬರ್' ಪುಸ್ತಕದಲ್ಲಿ ಈ ಗಂಟು ಬಿಡಿಸಲು ಹೊರಟರು. ಇನ್ನೊಬ್ಬರಿಗೆ ಆಸರೆಯಾಗಿ ನಿಂತವರು ತಾವೂ ಯಾರನ್ನಾದರೂ ಆತುಕೊಳ್ಳಲೇಬೇಕಾಗುತ್ತದೆ, ಅವರಿಗೆ ಆಸರೆ ಕೊಡುವುದು ಸಮಾಜ ಮಾಡಬೇಕಾದ ನ್ಯಾಯ ಎಂಬುದು ಅವರ ವಾದ. ಅದಕ್ಕೆ ಅವರು ಹಿಡಿದ ಮಾದರಿ, ಕೂಸನ್ನಲ್ಲ, ಕೂಸಿನ ತಾಯಿಯನ್ನು ನೋಡಿಕೊಳ್ಳುವ ಹೆಂಗಸು. ಓದಿದಾಗ ನನಗೆ ಅನಿಸಿದ್ದು: ಇದು ನಮ್ಮ ಬಾಣಂತನವಲ್ಲವೇ? ಎಣ್ಣೆ ತಿಕ್ಕಿ ಎರೆಯುವುದು, ತಲೆಗೆ ಬಟ್ಟೆ ಕಟ್ಟುವುದು, ಖಾರ ತಿನ್ನಿಸುವುದು, ತಿಂಗಳುಗಟ್ಟಲೆ ಹೊಲದ ಕೆಲಸ ತಪ್ಪಿಸುವುದು ಎಲ್ಲ ತಾಯಿಗೆ. 'ನಿನ್ನ ಕೂಸು, ನೀನೇ ನೋಡಿಕೋ' ಎಂದು ಯಾವ ತವರೂ ಹೇಳುವುದಿಲ್ಲ. ಹೇಳಿದರೆ ಊರು ಉಗಿಯುತ್ತದೆ. ನೋಡಿಕೊಳ್ಳುವವಳನ್ನು ನೋಡಿಕೊಳ್ಳಬೇಕೆಂಬುದು ನಮಗೆ ಯಾರೂ ಕಲಿಸಬೇಕಾದ ನೀತಿಯಲ್ಲ. ಬದುಕಿನ ಆ ತುದಿಯಲ್ಲಿ ಪಾಲಿಸುವುದನ್ನು ಈ ತುದಿಯಲ್ಲಿ ಕೈಬಿಟ್ಟಿದ್ದೇವೆ.

ಕೈಬಿಡಲು ಕಾರಣವೂ ಇದೆ. ಬಾಣಂತನಕ್ಕೆ ಮುಗಿಯುವ ದಿನವಿದೆ, ಕೂಸು ದಿನೇ ದಿನೇ ಚೇತರಿಸುತ್ತದೆ. ಈ ಕಾಯಿಲೆ ವರ್ಷಗಟ್ಟಲೆ ನಡೆಯುತ್ತದೆ, ಇಳಿಜಾರಿನಲ್ಲೇ. ಯಾವ ತವರೂ ಇಷ್ಟು ದೀರ್ಘ ಭಾರ ಹೊರಲಾರದು. ಅದಕ್ಕೇ ವ್ಯವಸ್ಥೆ ಬೇಕು, ಮತ್ತು ಅದು ದುಬಾರಿಯದ್ದೇ ಆಗಬೇಕಿಲ್ಲ. ಗೋವಾದ ಎರಡು ತಾಲ್ಲೂಕುಗಳ 81 ಕುಟುಂಬಗಳಲ್ಲಿ ನಡೆದು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ನೋಡಿ. ಸ್ಥಳೀಯ ಭಾಷೆ ಬಲ್ಲ, ಓದುಬರಹ ಬರುವ ಸಾಮಾನ್ಯರಿಗೆ ತರಬೇತಿ ಕೊಟ್ಟು ಆರು ತಿಂಗಳು ಮನೆಗಳಿಗೆ ಕಳಿಸಿದರು. ಬೆನ್ನಿಗೆ ಒಬ್ಬ ಮನೋವೈದ್ಯರು, ಒಬ್ಬ ಆಪ್ತಸಮಾಲೋಚಕರು. ಅವರು ಮಾಡಿದ್ದು ಕಾಯಿಲೆ ಏನೆಂದು ಹೇಳಿದ್ದು, ಹಟ ಹಿಡಿದಾಗ ಹೇಗೆ ಸಂಭಾಳಿಸಬೇಕೆಂದು ತೋರಿಸಿದ್ದು, ಮನೆಯವರು ಹಂಚಿಕೊಂಡು ಮಾಡುವಂತೆ ಮಾತಾಡಿಸಿದ್ದು. ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು. 'ದುಡ್ಡ ಕದ್ದಿಲ್ಲ ನೀನು, ಅದು ಕಾಯಿಲೆಯ ಮಾತು' ಎಂದು ನೆಂಟರ ಮುಂದೆ ಹೇಳುವ ಮೂರನೆಯವರೊಬ್ಬರು ಮನೆಗೆ ಬರುವುದು ಎಷ್ಟು ದೊಡ್ಡದು ಎಂಬುದು ಹೊರಗಿದ್ದವರಿಗೆ ತಿಳಿಯದು.

ನಮ್ಮ ರಾಜ್ಯದಲ್ಲಿ ಏನೂ ಇಲ್ಲ ಎನ್ನಲಾಗದು. ನಿಮ್ಹಾನ್ಸ್ ಜೊತೆಗೂಡಿ 2022ರಲ್ಲಿ ಶುರುವಾದ ಮಿದುಳು ಆರೋಗ್ಯ ಕಾರ್ಯಕ್ರಮವಿದೆ, ಟೆಲಿ ಮನಸ್ 14416, ಹಿರಿಯರ ಸಹಾಯವಾಣಿ 14567 ಇವೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಮನೋಚೈತನ್ಯ ಯೋಜನೆಯಿದೆ. ಬಹುತೇಕ ಎಲ್ಲದರ ಕಣ್ಣೂ ರೋಗಿಯ ಮೇಲೆ. ಮಂಗಳವಾರ ಪೇಟೆಯ ಬಸ್ಸಿಗೆ ಆ ಮುದುಕಿಯನ್ನು ಹತ್ತಿಸಿ, ಇಳಿಸಿ, ಸಾಲಿನಲ್ಲಿ ಕೂರಿಸುವವಳ ಬೆನ್ನು ನೋವಿಗೆ ಚೀಟಿ ಮಾಡಿಸುವವರಿಲ್ಲ.

ನನಗೆ ಹೆಚ್ಚು ಆಸೆ ಹುಟ್ಟಿಸಿದ್ದು ಆರೋಗ್ಯ ಇಲಾಖೆಯದ್ದಲ್ಲದ ಒಂದು ಯೋಜನೆ. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆಂದು 4,000 ಗ್ರಾಮ ಪಂಚಾಯಿತಿಗಳಲ್ಲಿ 'ಕೂಸಿನ ಮನೆ' ತೆರೆಯುವುದಾಗಿ 2023–24ರ ಬಜೆಟ್ ಹೇಳಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಗುದ್ದಲಿ ಹಿಡಿಯಲಾಗದು ಎಂಬುದನ್ನು ಪಂಚಾಯಿತಿಯ ಮಟ್ಟದಲ್ಲಿ ಒಪ್ಪಿಕೊಂಡಂತಾಯಿತು. ಅಜ್ಜಿಯ ಕೈಗೆ ಸೆರಗು ಸುತ್ತಿಕೊಂಡವಳಿಗೂ ಅದೇ ತರ್ಕ ಸಲ್ಲಬೇಕು: ವಾರಕ್ಕೆರಡು ಮಧ್ಯಾಹ್ನ, ಒಂದು ಕೋಣೆ, ತರಬೇತಾದ ಇಬ್ಬರು. ಆದರೆ ಹಿರಿಯರನ್ನು ಕೂಸುಗಳಂತೆ ಕಾಣುವ ಮನೆ ಬೇಡ. 'ಮಗೂನಂಗೆ ನೋಡ್ಕಂಡ್ಳು' ಎಂಬ ಹೊಗಳಿಕೆಯೇ ನನಗೆ ಹಿಡಿಸದು. ಮಗುವಿನ ಹಿಂದೆ ಅರವತ್ತು ವರ್ಷದ ಗೇಮೆಯಿಲ್ಲ. ಮಗನ ಹೆಸರು ಮರೆತವಳ ಮುಂದೆ ಒಂದು ಮೊರ ಅವರೆಕಾಯಿ ಸುರಿದು ನೋಡಿ: ಹೆಬ್ಬೆರಳು ತಾನಾಗಿ ಸಿಪ್ಪೆ ಸೀಳುತ್ತದೆ, ಹುಳುಕು ಕಾಳು ಬೇರೆಯಾಗುತ್ತದೆ. ಕೈ ಕಲಿತದ್ದು ತಲೆ ಕಲಿತದ್ದಕ್ಕಿಂತ ತಡವಾಗಿ ಅಳಿಯುತ್ತದೆ. ಆ ಕೋಣೆಯಲ್ಲಿ ಬಣ್ಣದ ಆಟಿಕೆಗಿಂತ ಮೊರ, ಕಾಳು, ಸೋಬಾನೆ ಹೇಳುವವರೊಬ್ಬರು ಇರಲಿ.

ಹೊರಗಿನವರು ಕೈಹಾಕಿದರೆ ಮನೆಯವರ ಅಂತಃಕರಣ ಆರಿಹೋಗುತ್ತದೆ ಎಂಬ ಹೆದರಿಕೆ ಕೆಲವರಿಗಿದೆ. ಬಾಣಂತನ ಮಾಡಿಸಿಕೊಂಡ ಯಾವ ತಾಯಿಗೆ ಕೂಸಿನ ಮೇಲೆ ಪ್ರೀತಿ ಕಡಿಮೆಯಾಯಿತು? ನಿದ್ದೆಗೆಟ್ಟು ಕೆಟ್ಟು ಒಂದು ದಿನ ಅತ್ತೆಯ ಮೇಲೆ ಕೈ ಎತ್ತಿ, ಆಮೇಲೆ ಹಿತ್ತಲಲ್ಲಿ ಕೂತು ಅಳುವ ಸೊಸೆಯಂದಿರಿದ್ದಾರೆ. ಅಲ್ಲಿ ಆರಿಹೋದದ್ದು ಯಾವುದರಿಂದ ಎಂದು ಹೆದರುವವರು ಹೇಳಲಿ.

ಇದೆಲ್ಲ ಗ್ರಾಮಸಭೆಯಲ್ಲಿ ಬೇಡಿಕೆಯಾಗಿ ಬಂದರೆ ನಡಾವಳಿಗೆ ಏರುತ್ತದೆ. ಅಲ್ಲೇ ಸಿಕ್ಕು ಇರುವುದು. ಬೇಡಿಕೆ ಇಡಬೇಕಾದವಳು ಸಭೆಗೆ ಬರಬೇಕಾದರೆ ಅರ್ಧ ದಿನ ಮನೆ ಬಿಡಬೇಕು. ಆ ಅರ್ಧ ದಿನವೇ ಅವಳ ಬೇಡಿಕೆ. ಆದ್ದರಿಂದ ಅರ್ಜಿಯನ್ನು ಅವಳ ಬಾಗಿಲಿಗೇ ಹೋಗಿ ಬರೆಸಿಕೊಳ್ಳಬೇಕು. ಪ್ರತಿ ಮನೆಯ ಹೊಸಿಲು ಬಲ್ಲ ಆಶಾ ಕಾರ್ಯಕರ್ತೆಗೆ ಅದು ಸಾಧ್ಯ, ಆ ಕೆಲಸಕ್ಕೆ ಆಕೆಗೆ ಬೇರೆಯಾಗಿ ಗೌರವಧನ ಕೊಟ್ಟರೆ.