ಹೆಸರಿಗೆ ಜಾಗ ಇರಲಿಲ್ಲ, ದೆವ್ವಕ್ಕೆ ಇತ್ತು

ಕೆಲವು ವರ್ಷದ ಹಿಂದೆ ಜಪಾನಿ ಕ್ಲೈಂಟ್ ಒಬ್ಬರ ಪ್ರಾಜೆಕ್ಟಿನಲ್ಲಿದ್ದಾಗ ನನಗೊಂದು ಟಿಕೆಟ್ ಬಂತು. ಯೋಶಿದಾ ಅನ್ನೋ ಗ್ರಾಹಕರು ಫಾರ್ಮ್ ತುಂಬಿ ಸೇವ್ ಒತ್ತಿದರೆ ಎರರ್. ಬೇರೆ ಯೋಶಿದಾಗಳಿಗೆಲ್ಲ ಸರಿಯಾಗೇ ಇತ್ತು. 'ಮಾಮೂಲಿ ಯೋಶಿ ಬಳಸಲು ಹೇಳಿ' ಅಂತ ಬರೆದು ಟಿಕೆಟ್ ಮುಚ್ಚಿ ಊಟಕ್ಕೆ ಹೋದೆ. ವಾಪಸ್ ಬರುವಷ್ಟರಲ್ಲಿ ಟೋಕಿಯೋದ ಟೆಸ್ಟರ್ ಅದನ್ನು ಮತ್ತೆ ತೆರೆದಿದ್ದರು. ಒಂದೇ ಸಾಲು: 'ಅದು ಅವರ ಹೆಸರಲ್ಲ.'

'ಯೋಶಿ' ಅನ್ನೋ ಕಾಂಜಿ ಅಕ್ಷರದ ತಲೆಯ ಮೇಲೆ ಎರಡು ಅಡ್ಡಗೆರೆ. ಮೇಲಿನದು ಉದ್ದ ಇದ್ದರೆ ಆ ಭಾಗ 'ಯೋಧ', ಕೆಳಗಿನದು ಉದ್ದ ಇದ್ದರೆ 'ಮಣ್ಣು'. ಉಚ್ಚಾರಣೆ ಒಂದೇ, ಅರ್ಥವೂ ಒಂದೇ. ಕೆಲವರ ಮನೆತನ ಮಾತ್ರ ತಲೆಮಾರುಗಳಿಂದ ಮಣ್ಣಿನ ಯೋಶಿಯನ್ನೇ ಬರೆಯುತ್ತದೆ.

1978ರಲ್ಲಿ ಜಪಾನ್ ಕಂಪ್ಯೂಟರಿಗಾಗಿ ಅಕ್ಷರಪಟ್ಟಿ ಮಾಡಿ 6,349 ಕಾಂಜಿಗಳಿಗೆ ಒಂದೊಂದು ನಂಬರ್ ಕೊಟ್ಟಿತು. ಮಣ್ಣಿನ ಯೋಶಿಗೆ ಬೇರೆ ನಂಬರ್ ಸಿಗಲಿಲ್ಲ. 2001ರಲ್ಲಿ ಯುನಿಕೋಡ್ ಕೊಟ್ಟಿತು, ಆದರೆ ಮೊದಲ 65,536 ಜಾಗಗಳ ಆಚೆ. ಊರಾಚೆಯ ಹೊಸ ಲೇಔಟಿನಲ್ಲಿ ಸೈಟ್ ಕೊಟ್ಟ ಹಾಗೆ. ಯುಟಿಎಫ್-8ರಲ್ಲಿ ಅಲ್ಲಿಗೆ ಹೋಗೋಕೆ ನಾಲ್ಕು ಬೈಟ್ ಬೇಕು. ನಮ್ಮ ಹಳೇ ಡೇಟಾಬೇಸಿನ ಬಸ್ಸು ಮೂರನೇ ಸ್ಟಾಪಿಗೇ ನಿಲ್ಲುತ್ತಿತ್ತು.

ತಮಾಷೆ ಅಂದರೆ, ಅದೇ 1978ರ ಪಟ್ಟಿಯಲ್ಲಿ ಯಾರಿಗೂ ಬೇಡದ ಅಕ್ಷರಗಳೂ ಇವೆ. ಜಪಾನಿಯರು ಅವನ್ನು 'ಯೂರೇ ಮೋಜಿ' ಅಂತಾರೆ, ದೆವ್ವದಕ್ಷರ. ಷಿಗಾ ಪ್ರಾಂತ್ಯದ ಒಂದು ಸ್ಥಳನಾಮಕ್ಕೆ ಮೇಲೆ 'ಬೆಟ್ಟ', ಕೆಳಗೆ 'ಹೆಣ್ಣು' ಇರೋ ಅಕ್ಷರ ಬೇಕಿತ್ತು. ಎರಡು ಕಾಗದದ ತುಂಡು ಅಂಟಿಸಿ ಅದನ್ನು ಮಾಡಿದರು. ನಕಲು ತೆಗೆದಾಗ ಕಾಗದದಂಚಿನ ನೆರಳು ನಡುವೆ ಒಂದು ಗೆರೆಯಾಗಿ ಬಂತು, ಆ ಗೆರೆ ಸಮೇತ ಅಕ್ಷರ ಪಟ್ಟಿಗೆ ಸೇರಿತು! 1997ರ ಪರಿಷ್ಕರಣೆಗಾಗಿ ಮೂಲ ಹುಡುಕಿದವರು ಇದನ್ನು ಪತ್ತೆ ಮಾಡಿದರು. ಇನ್ನೊಂದು ಅಕ್ಷರಕ್ಕಂತೂ ಮೂಲವೇ ಸಿಗಲಿಲ್ಲ. ಆದರೂ ತೆಗೆಯೋ ಹಾಗಿಲ್ಲ. ತೆಗೆದರೆ ಹಳೇ ಫೈಲುಗಳು ಕೆಡುತ್ತವೆ. ಈ ದೆವ್ವಗಳು ಇವತ್ತು ನಿಮ್ಮ ಫೋನಿನಲ್ಲೂ ಇವೆ.

ನಗಬೇಡಿ, ನಮ್ಮ ಮನೆಯಲ್ಲೂ ಇದೆ. ಹಳಗನ್ನಡದ 'ೞ'ಗೆ ಯುನಿಕೋಡಿನಲ್ಲಿ ಅಧಿಕೃತ ಹೆಸರು 'ಕನ್ನಡ ಲೆಟರ್ ಫಾ'. ತಪ್ಪು ಅಂತ ಪಕ್ಕದಲ್ಲೇ ಟಿಪ್ಪಣಿ ಹಾಕಿದ್ದಾರೆ, ಆದರೆ ಒಮ್ಮೆ ಇಟ್ಟ ಹೆಸರು ಬದಲಾಯಿಸಬಾರದು ಅನ್ನೋದು ನಿಯಮ.

ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಒಪ್ಪುತ್ತೇನೆ. ಎಲ್ಲರ ಕೈಬರಹಕ್ಕೂ ನಂಬರ್ ಕೊಡೋಕಾಗಲ್ಲ. ಪಟ್ಟಿ ಮಾಡಿದವರ ಮುಂದೆ ಸಾವಿರಾರು ಅಕ್ಷರಗಳಿದ್ದವು. ನನ್ನ ಮುಂದೆ ಇದ್ದದ್ದು ಒಬ್ಬ ಮನುಷ್ಯನ ಹೆಸರು. 'ಎರಡೂ ಒಂದೇ, ಪರವಾಗಿಲ್ಲ ಬಿಡಿ' ಅಂತ ಆ ಯೋಶಿದಾ ಹೇಳಿದ್ದರೆ ಅದು ಅವರ ದೊಡ್ಡತನ. ಅವರನ್ನು ಕೇಳದೆ ನಾನು ಹೇಳಿಬಿಟ್ಟಿದ್ದೆ, ಅದೂ ಹೊಟ್ಟೆ ಹಸಿದಿತ್ತು ಅಂತ. ನಮ್ಮಪ್ಪನ ಹೆಸರಿನ 'ಣ'ವನ್ನು ಯಾವುದೋ ಕಚೇರಿಯಲ್ಲಿ 'ನ' ಮಾಡಿದಾಗ ಕೌಂಟರಿನಲ್ಲಿ ಎಷ್ಟು ಕೂಗಾಡಿದ್ದೆ ಅನ್ನೋದು ಆಮೇಲೆ ನೆನಪಾಯ್ತು.

ಡೇಟಾಬೇಸ್ ಸರಿ ಮಾಡೋಕೆ ಎರಡು ಶನಿವಾರ ಬೇಕು ಅಂದೆ. ಮ್ಯಾನೇಜರ್, "ಒಬ್ಬ ಕಸ್ಟಮರ್‌ಗೋಸ್ಕರನಾ?" ಅಂದರು. ಹೆಸರು, ಮನೆತನ, ಮರ್ಯಾದೆ ಅಂತೆಲ್ಲ ಏನೇನೋ ಹೇಳಿದೆ, ಅವರು ಅಲ್ಲಾಡಲಿಲ್ಲ. ಕೊನೆಗೆ, "ಇಮೋಜಿನೂ ಸೇವ್ ಆಗಲ್ಲ ಸಾರ್, ಅದಕ್ಕೂ ನಾಲ್ಕು ಬೈಟ್ ಬೇಕು" ಅಂದೆ. ಆವತ್ತು ಸಂಜೆಯೇ ಅಪ್ರೂವಲ್ ಬಂತು.