ಫಲ ಕಂಡ ಮೇಲಿನ ತೀರ್ಪು

ಒಂದು ಆಯ್ಕೆ ಸರಿಯೋ ತಪ್ಪೋ ಎಂಬುದನ್ನು ಅದರ ಫಲದಿಂದ ನಿರ್ಣಯಿಸಬೇಕೋ, ಆಯ್ಕೆ ಮಾಡಿದವರಿಗೆ ಆ ಹೊತ್ತಿನಲ್ಲಿ ಇದ್ದ ತಿಳಿವಳಿಕೆ ಮತ್ತು ಅವರು ವಹಿಸಿದ ಎಚ್ಚರದಿಂದ ನಿರ್ಣಯಿಸಬೇಕೋ ಎಂಬುದು ಧರ್ಮವಿಚಾರದ ಹಳೆಯ ಪ್ರಶ್ನೆಗಳಲ್ಲೊಂದು. ಈ ಪ್ರಶ್ನೆ ಮರೆಯಿಲ್ಲದೆ ಎದುರು ನಿಲ್ಲುವ ಕ್ಷೇತ್ರಗಳಲ್ಲಿ ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಒಂದು. ಅಲ್ಲಿನ ಎನ್‌ಬಿಎ ಲೀಗಿನಲ್ಲಿ ಪ್ರತಿವರ್ಷ ಡ್ರಾಫ್ಟ್ ನಡೆಯುತ್ತದೆ; ಡ್ರಾಫ್ಟ್ ಎಂದರೆ ಹೊಸದಾಗಿ ವೃತ್ತಿಗೆ ಬರುವ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಕ್ರಮ. ಸೋತವರು ಸೋಲುತ್ತಲೇ ಇರಬಾರದೆಂಬ ನ್ಯಾಯದೃಷ್ಟಿಯಿಂದ, ಹಿಂದಿನ ಋತುವಿನಲ್ಲಿ ಹಿಂದುಳಿದ ತಂಡಗಳಿಗೆ ಮೊದಲ ಸರದಿಗಳು ಸಲ್ಲುವಂತೆ ಇದನ್ನು ರೂಪಿಸಲಾಗಿದೆ. ಇಪ್ಪತ್ತರ ಆಸುಪಾಸಿನ ತರುಣನೊಬ್ಬನ ದೇಹ, ಮನಸ್ಸು ಮತ್ತು ಕೌಶಲ ಮುಂದಿನ ಹತ್ತು ವರ್ಷಗಳಲ್ಲಿ ಏನಾದೀತೆಂದು ಅಲ್ಲಿ ಮೊದಲೇ ಊಹಿಸಿ ನಿಶ್ಚಯಿಸಬೇಕಾಗುತ್ತದೆ.

1984ರ ಜೂನ್ 19ರಂದು ನ್ಯೂಯಾರ್ಕಿನಲ್ಲಿ ನಡೆದ ಡ್ರಾಫ್ಟಿನಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡ ನೈಜೀರಿಯಾದಲ್ಲಿ ಹುಟ್ಟಿದ ಹಕೀಮ್ ಒಲಾಜುವಾನ್‌ನನ್ನು ಮೊದಲ ಸರದಿಯಲ್ಲಿ ಆರಿಸಿತು; ಎರಡನೆಯ ಸರದಿಯಲ್ಲಿ ಪೋರ್ಟ್‌ಲೆಂಡ್ ಟ್ರೇಲ್ ಬ್ಲೇಜರ್ಸ್ ತಂಡ 7 ಅಡಿ 1 ಅಂಗುಲ ಎತ್ತರದ ಸ್ಯಾಮ್ ಬೋವಿಯನ್ನು ಆರಿಸಿತು; ಹಿಂದಿನ ಋತುವಿನ 82 ಪಂದ್ಯಗಳಲ್ಲಿ 27ನ್ನಷ್ಟೇ ಗೆದ್ದಿದ್ದ ಶಿಕಾಗೊ ಬುಲ್ಸ್ ತಂಡಕ್ಕೆ ಮೂರನೆಯವನಾಗಿ ಮೈಕೆಲ್ ಜೋರ್ಡನ್ ಉಳಿದ. ಜೋರ್ಡನ್ 1991ರಿಂದ 1998ರ ನಡುವೆ ಆರು ಸಲ ಶಿಕಾಗೊಗೆ ಪ್ರಶಸ್ತಿ ತಂದುಕೊಟ್ಟಿದ್ದರಿಂದ ಪೋರ್ಟ್‌ಲೆಂಡಿನ ಆಯ್ಕೆ ಕ್ರೀಡಾಲೋಕದ ಅತಿದೊಡ್ಡ ಅವಿವೇಕಗಳ ಸಾಲಿಗೆ ಸೇರಿತು. ಈ ತೀರ್ಪು ಕೊಡುವವರು ಸಾಮಾನ್ಯವಾಗಿ ಗಮನಿಸದ ಸಂಗತಿಯೆಂದರೆ ಪೋರ್ಟ್‌ಲೆಂಡ್ ಆಗ ಕುಸಿದ ತಂಡವಾಗಿರಲಿಲ್ಲ. ಹಿಂದಿನ ಋತುವಿನಲ್ಲಿ ಅದು 48 ಪಂದ್ಯಗಳನ್ನು ಗೆದ್ದಿತ್ತು; ಎರಡನೆಯ ಸರದಿ ಅದಕ್ಕೆ ಇಂಡಿಯಾನಾ ತಂಡದೊಡನೆ ಹಿಂದೆಯೇ ಮಾಡಿಕೊಂಡಿದ್ದ ವಿನಿಮಯದಿಂದ ಬಂದಿತ್ತು. ಚೆಂಡನ್ನು ಮುನ್ನಡೆಸುವ ಮತ್ತು ದೂರದಿಂದ ಎಸೆಯುವ ಗಾರ್ಡ್ ಸ್ಥಾನಕ್ಕೆ ಅಲ್ಲಿ ಜಿಮ್ ಪ್ಯಾಕ್ಸನ್ ಮತ್ತು ತರುಣ ಕ್ಲೈಡ್ ಡ್ರೆಕ್ಸ್‌ಲರ್ ಇದ್ದರು. ಬುಟ್ಟಿಯ ಕೆಳಗೆ ನಿಂತು ಆಡುವ ಎತ್ತರದ ಆಟಗಾರ, ಎಂದರೆ ಸೆಂಟರ್, ಬೇಕಾಗಿತ್ತು. ಜೋರ್ಡನ್ ಗಾರ್ಡ್, ಬೋವಿ ಸೆಂಟರ್.

ಬರ್ನಾರ್ಡ್ ವಿಲಿಯಮ್ಸ್ ಮತ್ತು ಥಾಮಸ್ ನೇಗೆಲ್ ಎಂಬ ದಾರ್ಶನಿಕರು 1976ರಲ್ಲಿ ಜೊತೆಯಾಗಿ ಚರ್ಚೆಗೆ ತಂದ ‘ನೈತಿಕ ಅದೃಷ್ಟ’ ಎಂಬ ಸಮಸ್ಯೆ ಇಂಥ ತೀರ್ಪುಗಳ ಬುಡವನ್ನೇ ಪ್ರಶ್ನಿಸುತ್ತದೆ. ತನ್ನ ಹತೋಟಿಯಲ್ಲಿಲ್ಲದ ಕಾರಣಗಳಿಂದ ಒದಗಿದ ಫಲಕ್ಕಾಗಿ ಒಬ್ಬನು ಹೊಗಳಿಕೆಗೋ ನಿಂದೆಗೋ ಪಾತ್ರನಾಗುವುದನ್ನು ನೈತಿಕ ಅದೃಷ್ಟ ಎನ್ನುತ್ತಾರೆ. ಈ ರೂಢಿಯನ್ನು ತಳ್ಳಿಹಾಕುವುದೂ ಸುಲಭವಲ್ಲವೆಂದು ನೇಗೆಲ್ ತೋರಿಸುತ್ತಾನೆ, ಏಕೆಂದರೆ ಹತೋಟಿಗೆ ಮೀರಿದುದನ್ನೆಲ್ಲ ಒಂದೊಂದಾಗಿ ಕಳೆಯುತ್ತ ಹೋದರೆ ಹೊಣೆ ಹೊರಬೇಕಾದ ಕರ್ತೃವೇ ಕರಗಿಹೋಗುತ್ತಾನೆ.

ಹತೋಟಿಗೆ ಮೀರಿದುದು ಎಷ್ಟೆಂಬುದಕ್ಕೆ 1985–86ರ ಋತುವೊಂದೇ ಸಾಕು. ಅದರ ಹಿಂದಿನ ವರ್ಷ ಬೋವಿ 76 ಪಂದ್ಯಗಳನ್ನಾಡಿ ಒಳ್ಳೆಯ ಆರಂಭವನ್ನೇ ಕಂಡಿದ್ದ. ಅಂದು ತೀರ್ಪು ಕೇಳಿದ್ದರೆ ಪೋರ್ಟ್‌ಲೆಂಡ್ ಹೆಡ್ಡತನ ಮಾಡಿತೆಂದು ಯಾರೂ ಹೇಳುತ್ತಿರಲಿಲ್ಲ. ಮರುವರ್ಷ ಗಾಯದಿಂದಾಗಿ ಅವನು 38 ಪಂದ್ಯಗಳಿಗೇ ನಿಂತ. ಅದೇ ಋತುವಿನಲ್ಲಿ ಜೋರ್ಡನ್‌ನ ಎಡ ಪಾದದ ಮೂಳೆಯೂ ಮುರಿದು ಅವನು ಆಡಿದ್ದು 18 ಪಂದ್ಯಗಳನ್ನು ಮಾತ್ರ. ಜೋರ್ಡನ್‌ನ ಮೂಳೆ ಕೂಡಿಕೊಂಡಿತು. 1986ರ ಏಪ್ರಿಲ್‌ನಲ್ಲಿ ಬಾಸ್ಟನ್ ವಿರುದ್ಧ ಅವನು ಒಂದೇ ಪಂದ್ಯದಲ್ಲಿ 63 ಅಂಕ ಗಳಿಸಿದ. ಬೋವಿ ಅದರ ಮುಂದಿನ ಋತುವಿನಲ್ಲಿ ಐದೇ ಪಂದ್ಯಗಳನ್ನಾಡಿದ, ಅದರಾಚೆಯ ಋತುವಿನಲ್ಲಿ ಒಂದನ್ನೂ ಆಡಲಿಲ್ಲ. ಒಂದು ಮೂಳೆ ಕೂಡಿದ್ದು, ಇನ್ನೊಂದು ಕಾಲು ಕೈಕೊಟ್ಟಿದ್ದು ಯಾರ ವಿವೇಕದ ಫಲವೂ ಅಲ್ಲ.

ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಕರ್ಮಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಅಧಿಷ್ಠಾನ, ಕರ್ತೃ, ಕರಣ, ಬಗೆಬಗೆಯ ಚೇಷ್ಟೆ, ಐದನೆಯದಾಗಿ ದೈವ. ಶಂಕರರು ಅಧಿಷ್ಠಾನವೆಂದರೆ ಶರೀರ ಎಂದು ವ್ಯಾಖ್ಯಾನಿಸುತ್ತಾರೆ. ಕರಣಗಳು ಇಂದ್ರಿಯಗಳು, ದೈವವೆಂದರೆ ಇಂದ್ರಿಯಗಳಿಗೆ ಅನುಗ್ರಹ ನೀಡುವ ಆದಿತ್ಯಾದಿ ದೇವತೆಗಳು. ರಾಮಾನುಜರಿಗೆ ದೈವವೆಂದರೆ ಅಂತರ್ಯಾಮಿಯಾದ ಪರಮಾತ್ಮ. ಎರಡು ವ್ಯಾಖ್ಯಾನಗಳಲ್ಲೂ ದೈವ ಎಂಬುದು ಕುರುಡು ಆಕಸ್ಮಿಕವಲ್ಲ. ಹಾಗಿದ್ದರೂ ಕರ್ತೃ ಐದರಲ್ಲಿ ಒಂದು ಮಾತ್ರ, ತಾನೊಬ್ಬನೇ ಮಾಡಿದೆನೆಂದು ತಿಳಿಯುವವನು ಸರಿಯಾಗಿ ಕಾಣಲಾರ ಎಂಬ ಮಾತು ನಿಲ್ಲುತ್ತದೆ. ಶಿಕಾಗೊದ ಅಧಿಕಾರಿಗಳು ದೂರದರ್ಶಿಗಳು, ಪೋರ್ಟ್‌ಲೆಂಡಿನವರು ಮೂಢರು ಎನ್ನುವ ಮಾತಿನಲ್ಲಿ ಈ ಬಗೆಯ ಕುರುಡಿದೆ.

ಇಷ್ಟಕ್ಕೇ ನಿಂತರೆ ಗೀತೆಯನ್ನು ಅರ್ಧ ಓದಿದಂತಾಗುತ್ತದೆ. ಕರ್ಮದಲ್ಲಿ ಮಾತ್ರ ಅಧಿಕಾರ, ಫಲದಲ್ಲಿ ಅಲ್ಲ ಎಂಬ ಎರಡನೆಯ ಅಧ್ಯಾಯದ ಮಾತನ್ನು ಮುಂದಾಲೋಚನೆ ಬೇಡವೆಂಬ ಅರ್ಥದಲ್ಲಿ ಬಳಸುವವರು ಬಹಳ. ಹದಿನೆಂಟನೆಯ ಅಧ್ಯಾಯವೇ ಇದನ್ನು ತಡೆಯುತ್ತದೆ: ಮುಂದಿನ ಪರಿಣಾಮ, ಆಗಬಹುದಾದ ನಷ್ಟ, ಇತರರಿಗೆ ತಟ್ಟುವ ಹಿಂಸೆ, ತನ್ನ ಸಾಮರ್ಥ್ಯ ಇವನ್ನು ಎಣಿಸದೆ ಮೋಹದಿಂದ ತೊಡಗಿದ ಕರ್ಮ ತಾಮಸವೆನಿಸುತ್ತದೆ. ಕರ್ಮಕ್ಕೆ ಮೊದಲು ಫಲವನ್ನು ಎಣಿಸುವುದು ಕರ್ತವ್ಯ, ಕರ್ಮದ ಅನಂತರ ಫಲಕ್ಕೆ ಅಂಟಿಕೊಳ್ಳುವುದು ಬಂಧನ. ಪೋರ್ಟ್‌ಲೆಂಡಿನ ಆಯ್ಕೆಯನ್ನು ಪರೀಕ್ಷಿಸಬೇಕಾದದ್ದು ಈ ಮೊದಲ ಭಾಗದಲ್ಲಿ. ಜೋರ್ಡನ್ ಏನಾಗುವನೆಂಬುದು ಅಂದು ಯಾರಿಗೂ ತಿಳಿಯುವಂತಿರಲಿಲ್ಲ; ಬೋವಿಯ ಕಾಲಿನ ಸ್ಥಿತಿ ಕಣ್ಣೆದುರಿಗೇ ಇತ್ತು. ಕೆಂಟಕಿ ವಿಶ್ವವಿದ್ಯಾಲಯದಲ್ಲಿದ್ದಾಗ ಎಡ ಮೊಣಕಾಲಿನ ಕೆಳಗಿನ ಮೂಳೆ ಬಿರುಕುಬಿಟ್ಟು ಅವನು ಎರಡು ಪೂರ್ಣ ಋತುಗಳನ್ನು ಕಳೆದುಕೊಂಡಿದ್ದ.

ತಂಡದ ವೈದ್ಯರು ಅವನನ್ನು ದೀರ್ಘವಾಗಿ ಪರೀಕ್ಷಿಸಿದರೆಂಬುದೂ ನಿಜ. ಆ ಪರೀಕ್ಷೆಯ ಒಂದು ಗಳಿಗೆಯನ್ನು ಬೋವಿಯೇ 2012ರ ಸಾಕ್ಷ್ಯಚಿತ್ರವೊಂದರಲ್ಲಿ ಬಿಚ್ಚಿಟ್ಟಿದ್ದಾನೆ: ವೈದ್ಯರು ಚಿಕ್ಕ ಸುತ್ತಿಗೆಯಿಂದ ಎಡಗಾಲಿನ ಮೂಳೆಯನ್ನು ತಟ್ಟಿದಾಗ ನೋವಾಗುತ್ತಿದ್ದರೂ ಏನೂ ಅನ್ನಿಸುತ್ತಿಲ್ಲವೆಂದು ಅವನು ಹೇಳಿದ್ದ, ತನ್ನವರ ಅಗತ್ಯಗಳು ಅವನ ಮನಸ್ಸಿನಲ್ಲಿದ್ದವು. ಅದು ಅಸತ್ಯವೇ. ಆದರೆ ಯಾವನ ಬಾಳ್ವೆ ಆ ಒಂದು ಉತ್ತರದ ಮೇಲೆ ನಿಂತಿದೆಯೋ ಅವನ ಬಾಯಿಂದಲೇ ಸತ್ಯ ಬರಬೇಕೆಂದು ವ್ಯವಸ್ಥೆಯೊಂದು ಕಾದು ಕುಳಿತರೆ ಆ ಅಸತ್ಯದ ಪಾಲು ವ್ಯವಸ್ಥೆಗೂ ಸಲ್ಲುತ್ತದೆ. ಗೀತೆ ಎಣಿಸಬೇಕೆಂದ ಹಿಂಸೆ ಇಲ್ಲಿದೆ; ನೋವಿನ ಕಾಲನ್ನು ಮುಚ್ಚಿಟ್ಟು ಆಡಿದ ತರುಣನೇ ಮುಂದೆ ನಗೆಪಾಟಲಾದದ್ದು ಈ ಕಥೆಯ ಅತ್ಯಂತ ಅನ್ಯಾಯದ ಭಾಗ.

ಸೋಲಿನಲ್ಲಿ ಮುಳುಗಿದ ತಂಡ ಯಾರನ್ನು ಆರಿಸಬೇಕೆಂಬುದಕ್ಕೂ ಇದೇ ವಿಚಾರ ಉತ್ತರ ಕೊಡುತ್ತದೆ. ತಮ್ಮಲ್ಲಿರುವ ಕೊರತೆಯನ್ನು ತುಂಬುವ ಆಟಗಾರನನ್ನು ಹುಡುಕುವುದು 48 ಪಂದ್ಯಗಳನ್ನು ಗೆದ್ದ, ಒಂದು ಆಕಾರಕ್ಕೆ ಬಂದ ತಂಡಕ್ಕೆ ಸಹಜ. 27 ಪಂದ್ಯಗಳನ್ನು ಗೆದ್ದ ತಂಡಕ್ಕೆ ತುಂಬಬೇಕಾದ ಸ್ಥಾನ ಯಾವುದೆಂದು ಹೇಳುವಷ್ಟೂ ರೂಪವಿರುವುದಿಲ್ಲ. ಅಂಥ ತಂಡ ಸ್ಥಾನವನ್ನು ಮರೆತು, ದೇಹ ತಾಳಿಕೊಳ್ಳುವುದೆಂಬ ಭರವಸೆಯಿರುವವರಲ್ಲಿ ಎಲ್ಲರಿಗಿಂತ ಸಮರ್ಥನಾದವನನ್ನು ಆರಿಸುವುದೇ ತನ್ನ ಸಾಮರ್ಥ್ಯವನ್ನೂ ನಷ್ಟವನ್ನೂ ಎಣಿಸಿದ ಆಯ್ಕೆ. ಪೋರ್ಟ್‌ಲೆಂಡಿನವರು ಉತ್ತರ ಹೇಳಬೇಕಾದದ್ದು ಬೋವಿಯ ಎರಡು ಕಳೆದುಹೋದ ಋತುಗಳನ್ನು ಹಗುರವಾಗಿ ಎಣಿಸಿದ್ದಕ್ಕೆ ಮಾತ್ರ. ಜೋರ್ಡನ್‌ನನ್ನು ಬಿಟ್ಟುಕೊಟ್ಟದ್ದಕ್ಕೆ ಅಲ್ಲ.